ಕೆಲಸದವರು ನಿಲ್ಲುದಿಲ್ಲ ಅಂತ ಬೈಯುವ ಮೊದಲು: ಸಣ್ಣ ಧಣಿಗಳಿಗೊಂದು ಗೈಡ್

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಉಪ್ಪಳದಿಂದ ಮುಳ್ಳೇರಿಯ ತನಕ ಯಾವ ಅಂಗಡಿಯ ಗಲ್ಲದ (ದುಡ್ಡಿನ ಪೆಟ್ಟಿಗೆಯ) ಹತ್ತಿರ ಹೋಗಿ ನಿಂತ್ರೂ ಕೇಳ್ಲಿಕ್ಕೆ ಸಿಗುವ ಮಾತು ಒಂದೇ. ಜನ ಸಿಕ್ಕುದಿಲ್ಲ, ಸಿಕ್ಕಿದ್ರೆ ನಿಲ್ಲುದಿಲ್ಲ, ನಿಂತ್ರೂ ಮನಸ್ಸಿಟ್ಟು ಕೆಲಸ ಮಾಡುದಿಲ್ಲ. ನಾನು ಈ ಕಡೆಯ ಕೆಲವು ಅಂಗಡಿ, ಅಡಿಕೆ ಗೋಡೌನುಗಳ ಲೆಕ್ಕ ಬರೆಯುವವ, ಹಾಗಾಗಿ ಸಂಬಳದ ಪುಸ್ತಕ ನನ್ನ ಕೈಯಲ್ಲಿ ಇರ್ತದೆ, ಯಾವ ಹೆಸರು ವರ್ಷಾನುಗಟ್ಟಲೆ ಹಾಗೇ ಉಂಟು, ಯಾವ ಹೆಸರಿಗೆ ಮೂರೇ ತಿಂಗಳಲ್ಲಿ ಗೀಟು ಬಿತ್ತು ಅಂತ ಧಣಿಗಳಿಗಿಂತ ಮೊದಲು ನಮಗೇ ಗೊತ್ತಾಗುದು. ಒಂದೇ ಪೇಟೆ, ಒಂದೇ ರಸ್ತೆ, ಸಂಬಳದಲ್ಲೂ ಹೇಳುವಂಥ ವ್ಯತ್ಯಾಸ ಇಲ್ಲ, ಆದ್ರೂ ಒಂದು ಕಡೆ ಹಳಬರೇ ತುಂಬಿದ್ದಾರೆ, ಪಕ್ಕದಲ್ಲಿ ವಿಷು ಬಂದ್ರೆ ಹೊಸ ಮುಖ, ಓಣಂ ಬಂದ್ರೆ ಇನ್ನೊಂದು ಹೊಸ ಮುಖ.

ಸಂಬಳ ಏರಿಸಿದ್ರೆ ಸರಿಯಾಗ್ತದೆ ಅಂತ ಕೆಲವರು ಹೇಳ್ತಾರೆ. ಏರಿಸಿ, ಬೇಡ ಅಂತ ಯಾರು ಹೇಳಿದ್ದು? ಆದ್ರೆ ಮಂಗಳೂರಲ್ಲಿ ನಮ್ಮಿಂದ ಜಾಸ್ತಿ, ದುಬೈಯಲ್ಲಿ ಅದರಿಂದ ಜಾಸ್ತಿ, ಆ ಓಟದಲ್ಲಿ ಬದಿಯಡ್ಕದ ಹಾರ್ಡ್‌ವೇರ್ ಅಂಗಡಿ ಗೆಲ್ಲುವ ಮಾತೇ ಇಲ್ಲ. ನಮ್ಮ ಕೈಯಲ್ಲಿ ಇರುದು ಬೇರೆ ಒಂದು, ಎಷ್ಟು ಕೊಡುದು ಅನ್ನುದನ್ನ ನಾವು ಹೇಗೆ ತೀರ್ಮಾನ ಮಾಡ್ತೇವೆ, ಅದನ್ನ ಹೇಗೆ ಹೇಳ್ತೇವೆ ಅನ್ನುದು. 1992ರಲ್ಲಿ ಮ್ಯಾಕ್‌ಫಾರ್ಲಿನ್ ಮತ್ತು ಸ್ವೀನಿ ಅನ್ನುವ ಇಬ್ಬರು ಅಮೆರಿಕದಲ್ಲಿ ಬ್ಯಾಂಕ್ ನೌಕರರನ್ನ ಕೇಳಿ ಒಂದು ಅಧ್ಯಯನ ಮಾಡಿದ್ರು. ಸಂಬಳದ ಬಗ್ಗೆ ಸಮಾಧಾನ ಉಂಟಾ ಇಲ್ವಾ ಅನ್ನುದು ಸಿಕ್ಕಿದ ಮೊತ್ತ ನ್ಯಾಯವಾ ಅನ್ನುದರ ಮೇಲೆ ನಿಂತಿತ್ತಂತೆ, ಆದ್ರೆ ಸಂಸ್ಥೆ ಬಗ್ಗೆ ನಿಷ್ಠೆ, ಮೇಲಿನವರ ಬಗ್ಗೆ ಅಭಿಪ್ರಾಯ, ಇದೆಲ್ಲ ಹೆಚ್ಚಾಗಿ ತೀರ್ಮಾನ ಮಾಡಿದ ಕ್ರಮ ನ್ಯಾಯವಾ ಅನ್ನುದರ ಮೇಲೆ. ಬ್ಯಾಂಕಿಗೂ ನಮ್ಮ ಗೋಡೌನಿಗೂ ಎಂತ ಸಂಬಂಧ ಅಂತ ಕೇಳ್ಬೇಡಿ, ಮನುಷ್ಯರು ಎರಡು ಕಡೆಯೂ ಒಂದೇ.

ಐದು ಜನರಿಂದ ಮೂವತ್ತು ಜನರ ತನಕ ಇಟ್ಟುಕೊಂಡವರಿಗೆ ಅಂತ ಇದನ್ನ ಬರೀತಾ ಇದ್ದೇನೆ. ಎಚ್‌ಆರ್ ಡಿಪಾರ್ಟ್‌ಮೆಂಟ್ ಇರುವ ದೊಡ್ಡವರಿಗೆ ಇದು ಬೇಡ.

ಇದ್ದವರು ಯಾಕೆ ಇದ್ದಾರೆ ಅಂತ ನೋಡಿ

ಮೊದಲ ಕೆಲಸ ಇದು. ಬಿಟ್ಟುಹೋದವರ ಲೆಕ್ಕ ಆಮೇಲೆ. ಮೇಯರ್ ಮತ್ತು ಆಲೆನ್ ಅಂತ ಇಬ್ಬರು ಸಂಶೋಧಕರು 1991ರಲ್ಲಿ ಈ ನಿಷ್ಠೆಯನ್ನ ಮೂರು ಥರ ಮಾಡಿ ತೋರಿಸಿದ್ರು. ಮನಸ್ಸಿದ್ದು ನಿಲ್ಲುವವರು, ಬಿಟ್ರೆ ನಷ್ಟ ಅಂತ ನಿಲ್ಲುವವರು, ಬಿಡುದು ಸರಿಯಲ್ಲ ಅನ್ನುವ ಋಣದಲ್ಲಿ ನಿಲ್ಲುವವರು. ಹೊರಗಿಂದ ನೋಡಿದ್ರೆ ಮೂವರೂ ಬೆಳಿಗ್ಗೆ ಒಂಬತ್ತಕ್ಕೆ ಬಂದು ಶಟರ್ ಎತ್ತುವವರೇ, ವ್ಯತ್ಯಾಸ ಗೊತ್ತಾಗುದು ಧಣಿ ಆಸ್ಪತ್ರೆಯಲ್ಲಿ ಮಲಗಿದಾಗ.

ನಮ್ಮ ಕಡೆ ಎರಡನೇ ಥರದವರನ್ನ ನಾವೇ ತಯಾರು ಮಾಡುದು, ಅಡ್ವಾನ್ಸ್ ಕೊಟ್ಟು. ಮಗಳ ಮದುವೆಗೆ ಐವತ್ತು ಸಾವಿರ, ಮನೆ ಕಟ್ಲಿಕ್ಕೆ ಒಂದು ಲಕ್ಷ, ಕೊಡುವಾಗ ಪಾಪ ಅಂತಲೇ ಕೊಡುದು, ಸುಳ್ಳಲ್ಲ, ಆದ್ರೆ ಆಮೇಲೆ ಅದು ತೀರುದೇ ಇಲ್ಲ, ತೀರುವ ಹೊತ್ತಿಗೆ ಇನ್ನೊಂದು ಕೊಡ್ತೇವೆ, ಮತ್ತೆ "ನಮ್ಮಲ್ಲಿ ಎಲ್ಲ ಹಳಬರೇ ಮಾರಾಯ್ರೆ" ಅಂತ ಹೆಮ್ಮೆ ಬೇರೆ. ಅದು ನಿಷ್ಠೆ ಅಲ್ಲ. ಸಾಲ ತೀರುವ ತನಕ ಬೇರೆ ಕಡೆ ಹೋಗ್ಬಾರದು ಅಂತ ತಡೆದ್ರೆ ಅದು 1976ರ ಜೀತ ನಿರ್ಮೂಲನ ಕಾಯ್ದೆಯ ಒಳಗೆ ಬರುವ ವಿಷಯ, ತೋಟದವರೂ ಅಂಗಡಿಯವರೂ ಇದನ್ನ ತಮಾಷೆ ಅಂತ ತಿಳೀಬಾರದು.

ಹಾಗಾಗಿ ಅಡ್ವಾನ್ಸಿಗೆ ಬೇರೆ ಪುಸ್ತಕ ಮಾಡಿ. ಕೊಟ್ಟ ತಾರೀಕು, ತಿಂಗಳಿಗೆ ಹಿಡಿಯುವ ಮೊತ್ತ, ಬಾಕಿ, ಮೂರೂ ಅವರ ಕೈಯಲ್ಲಿ ಒಂದು ಚೀಟಿಯಲ್ಲಿ ಇರ್ಲಿ. ಕೆಲಸ ಬಿಟ್ರೆ ಬಾಕಿ ಹೇಗೆ ಕೊಡುದು ಅನ್ನುದನ್ನ ಕೊಡುವ ದಿನವೇ ಮಾತಾಡಿ ಮುಗಿಸಿ. ಹೋಗುವ ಬಾಗಿಲು ತೆರೆದಿಟ್ರೆ ಎಲ್ಲ ಓಡ್ತಾರೆ ಅಂತ ಹೆದರಿಕೆ ಆಗ್ತದೆ, ಒಬ್ಬಿಬ್ಬರು ಹೋಗಲೂಬಹುದು. ಆದ್ರೆ ಆಗ ಉಳಿದವರು ಯಾಕೆ ಉಳಿದ್ರು ಅಂತ ನಿಮಗೆ ಗೊತ್ತಿರ್ತದೆ.

ಸಂಬಳದ ಪಟ್ಟಿಯನ್ನ ಅವರ ಕಣ್ಣಲ್ಲಿ ಓದಿ

ಒಬ್ಬರ ಸಂಬಳ ಇನ್ನೊಬ್ಬರಿಗೆ ಗೊತ್ತಿಲ್ಲ ಅಂತ ಧಣಿಗಳು ಮಾತ್ರ ನಂಬುದು. ಚಹಾ ಕುಡಿಯುವಾಗ ಎಲ್ಲ ಮಾತಾಡಿ ಆಗಿರ್ತದೆ. ಜೆ. ಸ್ಟೇಸಿ ಆಡಮ್ಸ್ ಅನ್ನುವವರು 1960ರ ದಶಕದಲ್ಲೇ ಇದನ್ನ ಸಿದ್ಧಾಂತ ಮಾಡಿ ಬರೆದ್ರು, ಮನುಷ್ಯ ತನಗೆ ಎಷ್ಟು ಸಿಕ್ಕಿತು ಅಂತ ಮಾತ್ರ ನೋಡುದಿಲ್ಲ, ತಾನು ಹಾಕಿದ ದುಡಿಮೆಗೆ ಸಿಕ್ಕಿದ್ದು ಎಷ್ಟು, ಪಕ್ಕದವ ಹಾಕಿದ್ದಕ್ಕೆ ಅವನಿಗೆ ಸಿಕ್ಕಿದ್ದು ಎಷ್ಟು ಅಂತ ತೂಗಿ ನೋಡ್ತಾನೆ. ತಕ್ಕಡಿ ಸರಿ ಇಲ್ಲ ಅಂತ ಕಂಡ್ರೆ ಸರಿ ಮಾಡಿಕೊಳ್ತಾನೆ, ಸಂಬಳ ಏರಿಸ್ಲಿಕ್ಕೆ ಆಗದಿದ್ರೆ ಕೆಲಸ ಇಳಿಸ್ತಾನೆ. ನೀವು "ಉದಾಸೀನ" ಅಂತ ಬೈಯುದು ಎಷ್ಟೋ ಸಲ ಈ ಲೆಕ್ಕವನ್ನೇ.

ಮಾಡ್ಬೇಕಾದ್ದು ಇಷ್ಟು. ಒಂದು ಕಾಗದದಲ್ಲಿ ಎಲ್ಲರ ಸಂಬಳ ಬರೀರಿ, ಹೆಸರು ಬೇಡ, ಕೆಲಸ ಎಂತದು, ಬಂದು ಎಷ್ಟು ವರ್ಷ ಆಯ್ತು ಅಂತ ಮಾತ್ರ ಇರ್ಲಿ. ಎಲ್ಲಿ ವ್ಯತ್ಯಾಸ ಉಂಟೋ ಅಲ್ಲಿ ಕಾರಣ ಬರೀಲಿಕ್ಕೆ ನೋಡಿ, ಅತಿ ಕಡಿಮೆ ಸಂಬಳದವರ ಎದುರು ಗಟ್ಟಿಯಾಗಿ ಹೇಳ್ಲಿಕ್ಕೆ ಆಗುವಂಥ ಕಾರಣ. "ಅವ ನನ್ನ ಭಾವನ ಮಗ" ಅನ್ನುದು ಬಂದ್ರೆ ಗೊತ್ತಾಯ್ತಲ್ಲ. ಮನೆಯವರಿಗೆ ಸಹಾಯ ಮಾಡ್ಬಾರದು ಅಂತಲ್ಲ, ಮಾಡಿ, ಆದ್ರೆ ಅದನ್ನ ಮನೆ ಖರ್ಚಿನಿಂದ ಮಾಡಿ, ಅಂಗಡಿ ಸಂಬಳದ ಪಟ್ಟಿಯಲ್ಲಿ ಸುಮ್ಮನೆ ಕೂತವನ ಹೆಸರು ಬೇಡ. ಭಾವನ ಮಗ ಹನ್ನೊಂದು ಗಂಟೆಗೆ ಬಂದು ಮೊಬೈಲ್ ನೋಡಿ ಹೋಗುದನ್ನ ಎಲ್ಲರೂ ನೋಡ್ತಾ ಇರ್ತಾರೆ.

ಹೆಂಗಸರಿಗೆ ಕಡಿಮೆ ಕೊಡುದು ಇನ್ನೊಂದು. ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಅಂತ ಕಾನೂನು 1976ರಲ್ಲೇ ಬಂದಿದೆ, ತೋಟದಲ್ಲಿ ಇವತ್ತಿಗೂ "ಹೆಣ್ಣಾಳು ರೇಟು" ಅಂತ ಬಾಯಲ್ಲಿ ಸಲೀಸಾಗಿ ಬರ್ತದೆ. ಮರ ಹತ್ತುವವನಿಗೆ ಜಾಸ್ತಿ ಅಂದ್ರೆ ಅದು ಬೇರೆ ಕೆಲಸ, ಯಾರೂ ತಕರಾರು ಮಾಡುದಿಲ್ಲ, ಆದ್ರೆ ಹೆಕ್ಕುದು, ಒಣಗಿಸುದು, ಹೆಣೆದ ಚೀಲ ಹೊಲಿಯುದು ಇಬ್ಬರೂ ಮಾಡ್ತಾರಲ್ಲ?

ಈಗ ಅಡಿಕೆ ಸುಲಿಯುವ ವಿಷಯ ಹೇಳ್ತೇನೆ, ಯಾಕಂದ್ರೆ ಕಿಲೋ ಲೆಕ್ಕದ ಕೂಲಿ ಅಂದ್ರೆ ನ್ಯಾಯವೇ, ಮಾಡಿದಷ್ಟು ಸಿಗ್ತದೆ ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ದೊಡ್ಡ ಅಡಿಕೆಯ ಚೀಲ ಸಿಕ್ಕಿದವರಿಗೆ ಬೇಗ ಬೇಗ ಕಿಲೋ ತುಂಬ್ತದೆ, ಸಣ್ಣ ಅಡಿಕೆ ಸಿಕ್ಕಿದವರು ಅದೇ ಒಂದು ಕಿಲೋಗೆ ಎಷ್ಟೋ ಜಾಸ್ತಿ ಕಾಯಿ ಸುಲಿಯಬೇಕು, ರೇಟು ಮಾತ್ರ ಒಂದೇ. ಒಳ್ಳೆ ಚೀಲ ಯಾರಿಗೆ ಅಂತ ತೀರ್ಮಾನ ಮಾಡುದು ರೈಟರೋ ಮೇಸ್ತ್ರಿಯೋ, ಅವರಿಗೆ ಬೇಕಾದವರಿಗೆ ಒಳ್ಳೆ ಚೀಲ ಹೋಗ್ತದೆ. ಧಣಿಗೆ ಈ ವಿಷಯ ಗೊತ್ತೇ ಇರುದಿಲ್ಲ. ಇದಕ್ಕೆ ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ: ಬೆಳಿಗ್ಗೆ ಚೀಟಿ ಎತ್ತಿ ಚೀಲ ಹಂಚುದು, ಇಲ್ಲವಾದ್ರೆ ಸಣ್ಣ ಅಡಿಕೆಗೆ ಬೇರೆ ರೇಟು ಮಾಡುದು, ಮತ್ತೆ ತೂಕದ ಮಿಷನಿನ ನಂಬರು ಸುಲಿದವರ ಕಡೆಗೆ ಕಾಣುವ ಹಾಗೆ ತಿರುಗಿಸಿ ಇಡುದು. ಆ ಮಿಷನ್ ತಿರುಗಿಸಿ ಇಡುದು ಅಷ್ಟೆಂತ ದೊಡ್ಡ ವಿಷಯ ಅಂತ ಅನ್ನಿಸಿದ್ರೆ ಒಮ್ಮೆ ನೀವೇ ಆ ಕಡೆ ಕೂತು ನೋಡಿ.

ಕ್ರಮ ಮಾಡುದು, ಅದನ್ನ ಮುರಿಯದೆ ಇರುದು

ಜೆರಾಲ್ಡ್ ಲೆವೆಂತಾಲ್ 1980ರಲ್ಲಿ ಒಂದು ತೀರ್ಮಾನದ ಕ್ರಮ ನ್ಯಾಯ ಅಂತ ಜನರಿಗೆ ಅನ್ನಿಸ್ಬೇಕಾದ್ರೆ ಆರು ವಿಷಯ ಬೇಕು ಅಂತ ಬರೆದಿದ್ದಾರೆ. ಎಲ್ಲರಿಗೂ ಎಲ್ಲ ಸಲವೂ ಒಂದೇ ನಿಯಮ, ತೀರ್ಮಾನ ಮಾಡುವವನ ಸ್ವಂತ ಲಾಭ ಅದರಲ್ಲಿ ಇರ್ಬಾರದು, ಸರಿಯಾದ ಮಾಹಿತಿ ಬೇಕು, ತಪ್ಪಾದ್ರೆ ತಿದ್ದುವ ದಾರಿ ಬೇಕು, ಯಾರ ಮೇಲೆ ಬೀಳ್ತದೋ ಅವರ ಮಾತೂ ಕೇಳಿರ್ಬೇಕು, ಊರು ಒಪ್ಪುವ ನೀತಿಗೆ ವಿರುದ್ಧ ಇರ್ಬಾರದು. ಓದ್ಲಿಕ್ಕೆ ಸುಲಭ, ಇದು ಒಡೆಯುದು ನಮ್ಮಲ್ಲಿ ಮುಖ್ಯವಾಗಿ ಎರಡು ಕಡೆ, ರಜೆ ಮತ್ತೆ ಗಲ್ಲದಲ್ಲಿ ಕಡಿಮೆ ಬಂದ ದುಡ್ಡು.

ರಜೆ ನಮ್ಮ ಜಿಲ್ಲೆಯಲ್ಲಿ ಇದ್ದಷ್ಟು ಗೋಜಲು ಬೇರೆಲ್ಲೂ ಇರ್ಲಿಕ್ಕಿಲ್ಲ. ಒಬ್ಬನಿಗೆ ಓಣಂ, ಒಬ್ಬನಿಗೆ ದೀಪಾವಳಿ, ಒಬ್ಬನಿಗೆ ಪೆರ್ನಾಲ್ (ಈದ್), ಕುಟುಂಬದ ಭೂತಕೋಲಕ್ಕೆ ಹೋಗದಿದ್ರೆ ಆಗುದೇ ಇಲ್ಲ ಅನ್ನುವವ ಒಬ್ಬ, ಯಕ್ಷಗಾನ ನೋಡಿ ಬಂದು ಬೆಳಿಗ್ಗೆ ಚೀಲದ ಮೇಲೆ ತೂಕಡಿಸುವವ ಇನ್ನೊಬ್ಬ, ಅಸ್ಸಾಂ ಬಂಗಾಳದ ಭಾಯಿಗಳಿಗೆ ಊರಿಗೆ ಹೋಗಿ ಬರ್ಲಿಕ್ಕೆ ರೈಲಲ್ಲೇ ದಿನಗಟ್ಟಲೆ ಬೇಕು. ಧಣಿ ಯಾವ ಹಬ್ಬ ಆಚರಿಸ್ತಾರೋ ಆ ಹಬ್ಬಕ್ಕೆ ಅಂಗಡಿಗೇ ರಜೆ, ಉಳಿದವರದ್ದು "ಕೇಳಿದ್ರೆ ನೋಡುವ". ಈ "ನೋಡುವ" ಅನ್ನುದರಲ್ಲೇ ಇರುದು ವಿಷಯ, ಯಾಕಂದ್ರೆ ಕೇಳ್ಲಿಕ್ಕೆ ಧೈರ್ಯ ಇದ್ದವನಿಗೆ ಸಿಗ್ತದೆ, ನಾಚಿಕೆಯವನಿಗೆ ಸಿಗುದಿಲ್ಲ, ಅವ ಜಗಳ ಮಾಡುದಿಲ್ಲ, ಒಂದು ದಿನ ಸುಮ್ಮನೆ ಬರುದಿಲ್ಲ, ಅಷ್ಟೇ.

ಹೀಗೆ ಮಾಡಿ. ವರ್ಷದ ಸುರುವಿಗೆ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಎಲ್ಲರನ್ನೂ ಕರೆದು ಪ್ರತಿಯೊಬ್ಬರೂ ತಮಗೆ ಬಿಡ್ಲಿಕ್ಕೇ ಆಗದ ದಿನಗಳನ್ನ ಗುರುತು ಮಾಡ್ಲಿ, ಎಲ್ಲರಿಗೂ ಅಷ್ಟೇ ಸಂಖ್ಯೆ. ಒಂದೇ ದಿನ ಜಾಸ್ತಿ ಜನ ಬಂದ್ರೆ ಕಳೆದ ವರ್ಷ ಬಿಟ್ಟುಕೊಟ್ಟವರಿಗೆ ಈ ವರ್ಷ ಮೊದಲು. ಭಾಯಿಗಳಿಗೆ ಬಿಡಿ ರಜೆ ಉಪಯೋಗವೇ ಇಲ್ಲ, ಅವರದ್ದನ್ನ ಒಟ್ಟು ಮಾಡಿ ಒಮ್ಮೆಲೇ ಕೊಡಿ, ವಾಪಸ್ ಬರುವ ಮನಸ್ಸಾಗುದು ಅಲ್ಲಿಂದ. ಕ್ಯಾಲೆಂಡರ್ ಎಲ್ಲರಿಗೂ ಕಾಣುವಲ್ಲಿ ನೇತುಹಾಕಿ. ಮತ್ತೆ ನಿಮ್ಮ ಭಾವನ ಮಗನ ಗುರುತೂ ಅದರಲ್ಲೇ ಇರ್ಲಿ ಮಾರಾಯ್ರೆ.

ಗಲ್ಲದ ದುಡ್ಡು. ರಾತ್ರಿ ಲೆಕ್ಕ ಹಾಕುವಾಗ ಎಂಟುನೂರು ಕಡಿಮೆ ಬಂತು ಅಂತ ಇಟ್ಟುಕೊಳ್ಳಿ, ಧಣಿ ಸಿಟ್ಟಲ್ಲಿ ಆ ಪಾಳಿಯ ನಾಲ್ಕು ಜನರ ಸಂಬಳದಿಂದ ಇನ್ನೂರು ಇನ್ನೂರು ಹಿಡಿದ್ರು. ಕದ್ದವ ಅವರಲ್ಲಿ ಇದ್ರೆ ಅವನಿಗೆ ಆರುನೂರು ಲಾಭ, ಇಲ್ಲದಿದ್ರೆ ನಾಲ್ಕು ಜನ ಪ್ರಾಮಾಣಿಕರಿಗೆ ಕಳ್ಳ ಅನ್ನುವ ಹಣೆಪಟ್ಟಿ. ಮರುದಿನ ಸಪ್ಲೈಯರ್‌ಗೆ ಕೊಟ್ಟ ಚೀಟಿ ಧಣಿಯ ಅಂಗಿ ಕಿಸೆಯಲ್ಲೇ ಸಿಕ್ಕಿದ್ದೂ ಉಂಟು! ಸಿಕ್ಕಿದ ಮೇಲೆ ದುಡ್ಡು ವಾಪಸ್ ಕೊಟ್ರು, ಎಲ್ಲರ ಎದುರು ಒಂದು ಮಾತು ಹೇಳ್ಲಿಲ್ಲ. ಸಾಕ್ಷಿ ಇಲ್ಲದೆ ಹಿಡಿಯಬೇಡಿ, ಹಿಡಿಯುವ ಮೊದಲು ಅವರ ಮಾತು ಕೇಳಿ, ತಪ್ಪು ನಿಮ್ಮದಾದ್ರೆ ಯಾರ ಎದುರು ಹಿಡಿದಿದ್ರೋ ಅವರ ಎದುರೇ ಸರಿ ಮಾಡಿ. ಮೇಸ್ತ್ರಿಯ ತೀರ್ಮಾನ ಸರಿ ಇಲ್ಲ ಅಂತ ಅನ್ನಿಸಿದವರು ಮೇಸ್ತ್ರಿಯನ್ನ ದಾಟಿ ನಿಮ್ಮ ಹತ್ತಿರ ಬರ್ಲಿಕ್ಕೆ ಒಂದು ದಾರಿ ಇರ್ಬೇಕು, ಬಂದವನ ಹೆಸರು ಸಂಜೆಯೊಳಗೆ ಮೇಸ್ತ್ರಿಗೆ ಹೋಗುದಾದ್ರೆ ಆ ದಾರಿ ಇಟ್ಟೂ ಪ್ರಯೋಜನ ಇಲ್ಲ.

ಬೋನಸ್ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ, ಕಾನೂನು ನಿಮಗೆ ಅನ್ವಯ ಆಗುದಾದ್ರೆ ಕನಿಷ್ಠ 8.33 ಪರ್ಸೆಂಟ್ ಕೊಡ್ಲೇಬೇಕು, ಅನ್ವಯ ಆಗದಿದ್ರೂ ಎಷ್ಟು, ಯಾವಾಗ, ಓಣಂಗಾ ದೀಪಾವಳಿಗಾ, ಮಧ್ಯದಲ್ಲಿ ಸೇರಿದವರಿಗೆ ಹೇಗೆ ಅನ್ನುದನ್ನ ಮೊದಲೇ ಬರೆದು ಹಾಕಿ. ಕವರಿನಲ್ಲಿ ಗುಟ್ಟಾಗಿ ಕೊಡುವ ಅಭ್ಯಾಸ ಬಿಡಿ, ಆ ಕವರು ಗೇಟು ದಾಟುವ ಮೊದಲೇ ಬಿಚ್ಚಿ ಆಗಿರ್ತದೆ.

ಕೆಟ್ಟ ಸುದ್ದಿ ಹೇಳುದು ಹೇಗೆ

ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದೇ. ಅಮೆರಿಕದ ಒಂದು ಕಂಪನಿಗೆ ದೊಡ್ಡ ಕಾಂಟ್ರಾಕ್ಟ್ ಕೈತಪ್ಪಿತು, ಎರಡು ಫ್ಯಾಕ್ಟರಿಗಳಲ್ಲಿ ಹತ್ತು ವಾರಕ್ಕೆ 15 ಪರ್ಸೆಂಟ್ ಸಂಬಳ ಕಡಿದ್ರು. ಒಂದು ಕಡೆ ಮುಖ್ಯಸ್ಥರೇ ಬಂದು ಒಂದೂವರೆ ಗಂಟೆ ಕೂತು ಲೆಕ್ಕ ತೋರಿಸಿ, ಬೇಸರ ಹೇಳಿ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಸುದ್ದಿ ಹೇಳಿ ಹೊರಟ್ರು. ಸಂಬಳ ಕಡಿದ ಎರಡೂ ಕಡೆ ಕಳ್ಳತನ ಜಾಸ್ತಿ ಆಯ್ತು, ಆದ್ರೆ ಕಾಲು ಗಂಟೆಯ ಕಡೆ ತುಂಬಾ ಜಾಸ್ತಿ, ಅಲ್ಲೇ ಕೆಲಸ ಬಿಟ್ಟವರೂ ಜಾಸ್ತಿ. ಸಂಬಳ ವಾಪಸ್ ಮೊದಲಿನ ಹಾಗೆ ಆದ ಮೇಲೆ ಕಳ್ಳತನವೂ ಇಳಿಯಿತು. ಕಡಿದ ದುಡ್ಡು ಎರಡೂ ಕಡೆ ಒಂದೇ, ವ್ಯತ್ಯಾಸ ಒಂದೂಕಾಲು ಗಂಟೆಯ ಮಾತು.

ನಮ್ಮಲ್ಲಿ ಅಡಿಕೆ ರೇಟು ಬಿದ್ದಾಗ, ಮಳೆಗಾಲದಲ್ಲಿ ವ್ಯಾಪಾರ ಇಲ್ಲದಾಗ ಇದು ಬರ್ತದೆ. ಮೇಸ್ತ್ರಿಯ ಬಾಯಲ್ಲಿ ಹೇಳಿಸ್ಬೇಡಿ, ವಾಟ್ಸ್ಆಪ್ ಗ್ರೂಪಿಗೆ ವಾಯ್ಸ್ ಹಾಕಿ ಮುಗಿಸ್ಬೇಡಿ. ನೀವೇ ಕೂತು, ಯಾಕೆ ಕಡಿಮೆ, ಎಷ್ಟು ದಿನಕ್ಕೆ, ನಿಮ್ಮ ಸ್ವಂತ ಖರ್ಚಲ್ಲಿ ಎಂತ ಕಡಿದ್ರಿ ಅಂತ ಹೇಳಿ. ಅದೇ ವಾರ ಹೊಸ ಕಾರು ಬಂದ್ರೆ ಒಂದೂವರೆ ಗಂಟೆಯ ಮಾತೂ ನೀರು ಪಾಲು.

ಮತ್ತೆ ಭಾಷೆ. ವಿಲೇಜ್ ಆಫೀಸಿನಲ್ಲಿ ಫಾರ್ಮ್ ಮಲಯಾಳದಲ್ಲಿ ಮಾತ್ರ ಉಂಟು, ಕನ್ನಡದಲ್ಲಿ ಇಲ್ಲ ಅಂತ ಕೌಂಟರ್ ಎದುರು ನಿಂತು ಜಗಳ ಮಾಡುವ ಜನ ನಾವು, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ಮಾಡ್ತಾ ಬಂದಿದ್ದೇವೆ, ಅರ್ಥ ಆಗದ ಕಾಗದಕ್ಕೆ ಸಹಿ ಹಾಕುದು ಎಂತ ಅವಮಾನ ಅಂತ ನಮಗೆ ಬೇರೆಯವರು ಹೇಳಿಕೊಡ್ಬೇಕಾಗಿಲ್ಲ. ಅಂಥ ನಾವೇ ಗೋಡೌನಿನಲ್ಲಿ ಅಸ್ಸಾಮಿನ ಹುಡುಗನ ಎದುರು ಕನ್ನಡದಲ್ಲಿ ಬರೆದ ಸಂಬಳದ ಪುಸ್ತಕ ಇಟ್ಟು ಇಲ್ಲಿ ಹೆಬ್ಬೆಟ್ಟು ಒತ್ತು ಅಂತೇವೆ. ಅಂಕೆ ಅವನಿಗೂ ಓದ್ಲಿಕ್ಕೆ ಬರ್ತದೆ, ಯಾವ ಅಂಕೆ ಎಂತಕ್ಕೆ ಅಂತ ಗೊತ್ತಿಲ್ಲ. ಮೊಬೈಲಿನಲ್ಲಿ ಅನುವಾದ ಮಾಡಿ ಆರು ಸಾಲಿನ ಒಂದು ಚೀಟಿ ಅವನ ಭಾಷೆಯಲ್ಲಿ ಮಾಡ್ಲಿಕ್ಕೆ ಹತ್ತು ನಿಮಿಷ ಸಾಕು, ದಿನ ಎಷ್ಟು, ಓಟಿ ಎಷ್ಟು, ಅಡ್ವಾನ್ಸಿಗೆ ಹಿಡಿದದ್ದು ಎಷ್ಟು, ಕೈಗೆ ಎಷ್ಟು. ಅನುವಾದ ಸರಿ ಉಂಟಾ ಅಂತ ಅವನ ಹತ್ತಿರವೇ ಓದಿಸಿ ನೋಡಿ.

ಸ್ಟೂಲು

ಜವಳಿ ಅಂಗಡಿಯಲ್ಲಿ ಹೆಂಗಸರು ಬೆಳಿಗ್ಗೆಯಿಂದ ರಾತ್ರಿ ತನಕ ನಿಂತೇ ಇರ್ಬೇಕಿತ್ತು, ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಕಲ್ಲಿಕೋಟೆಯಲ್ಲಿ ಪಿ. ವಿಜಿ ಅವರ ಮುಂದಾಳತ್ವದಲ್ಲಿ ಪೆಣ್‌ಕೂಟ್ ಸಂಘಟನೆಯ ಹೆಂಗಸರು ಮೊದಲು ಶೌಚಾಲಯಕ್ಕೆ, ಆಮೇಲೆ ಕೂರುವ ಹಕ್ಕಿಗೆ ಹೋರಾಡಿದ್ರು, 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆ ತಿದ್ದಿ ಕೂರುವ ವ್ಯವಸ್ಥೆ ಕಡ್ಡಾಯ ಮಾಡಿತು. ನಮ್ಮ ಜಿಲ್ಲೆಗೂ ಅದೇ ಕಾನೂನು, ಕನ್ನಡ ಬೋರ್ಡಿನ ಅಂಗಡಿಗೆ ರಿಯಾಯಿತಿ ಇಲ್ಲ. ಆ ಹೆಂಗಸರು ಹೋರಾಟ ಮಾಡಿದ್ದು ಸಂಬಳದ ಮೊತ್ತಕ್ಕಲ್ಲ ಅನ್ನುದನ್ನ ನೋಡಿ. ಒಂದು ಪ್ಲಾಸ್ಟಿಕ್ ಸ್ಟೂಲಿಗೆ ಎಷ್ಟು ಅಂತ ನಿಮಗೇ ಗೊತ್ತುಂಟಲ್ಲ.

ಇದರ ಜೊತೆಗೇ ಬರುವ ಸಣ್ಣ ವಿಷಯಗಳು: ಗಿರಾಕಿ ಎದುರು ಬೈಯಬೇಡಿ, ಬೈಯಲೇಬೇಕಾದ್ರೆ ಹಿಂದೆ ಕರೆದು ಹೇಳಿ. ಅಪ್ಪನ ವಯಸ್ಸಿನವರನ್ನ ನಿಮ್ಮ ಮಗ "ಏ ಬಾ ಇಲ್ಲಿ" ಅಂತ ಕರೆಯುದನ್ನ ಇವತ್ತೇ ನಿಲ್ಲಿಸಿ, ಅಣ್ಣ ಅಕ್ಕ ಇಚ್ಚ ಅಂತ ಕರೆದ್ರೆ ನಾಲಗೆ ಸವೆಯುದಿಲ್ಲ. ಹತ್ತು ಜನ ಇದ್ರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರ್ಲೇಬೇಕು, ಅದಕ್ಕೆ ಹೆಂಗಸೇ ಅಧ್ಯಕ್ಷೆ. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಅಂತ ಹೇಳುವ ಕಡೆ ಮೊದಲು ಮಾಡಿ.

ಇದೆಲ್ಲ ಪುಸ್ತಕದ ಮಾತು ಅಂತ ಅನ್ನಿಸಿದ್ರೆ ಪಕ್ಕದ ಕಣ್ಣೂರಿಗೆ ಹೋಗಿ ಕೇಳಿ. 1968ರಲ್ಲಿ ಬೀಡಿ ಕಾರ್ಮಿಕರ ಹೊಸ ಕಾನೂನು ಇಲ್ಲಿ ಜಾರಿಗೆ ಬಂದಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿ ಮಲಬಾರಿನ ಕೆಲಸ ನಿಲ್ಲಿಸಿ ಹೋಯ್ತು, ಸಾವಿರಾರು ಜನ ಬೀದಿಗೆ ಬಿದ್ರು, ಮರುವರ್ಷ 1969ರಲ್ಲಿ ಅವರೇ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದ್ರು, ಕಾಸರಗೋಡಿನಲ್ಲೂ ಅದರ ಘಟಕಗಳು ಬಂದವು. ಸಂಘದ ಆಡಳಿತಕ್ಕೆ ಜನರನ್ನ ಆರಿಸುದು ಕಾರ್ಮಿಕರೇ. ಬೀಡಿ ಕಟ್ಟುವಾಗ ಒಬ್ಬರು ಗಟ್ಟಿಯಾಗಿ ಪೇಪರ್ ಓದುದು, ಉಳಿದವರು ಕೇಳ್ತಾ ಕಟ್ಟುದು, ಅದು ಅಲ್ಲಿಯ ಹಳೇ ಪದ್ಧತಿ. ಬೀಡಿಗೆ ಬೇಡಿಕೆ ಇಳಿದಾಗ ಅವರು ಕೊಡೆ, ತಿಂಡಿ ಪದಾರ್ಥ ಅಂತ ಬೇರೆ ಬೇರೆ ಕೈಹಾಕಿದ್ರು, ಸುಮ್ಮನೆ ಬೀಗ ಹಾಕಿ ಹೋಗ್ಲಿಲ್ಲ. ನಿಮ್ಮ ಅಂಗಡಿಯನ್ನ ಸೊಸೈಟಿ ಮಾಡಿ ಅಂತ ನಾನು ಹೇಳುದಲ್ಲ, ಹೆದರ್ಬೇಡಿ. ತೀರ್ಮಾನದಲ್ಲಿ ತನ್ನ ಕೈ ಉಂಟು ಅಂತ ಗೊತ್ತಿದ್ದವ ಕಷ್ಟ ಬಂದಾಗ ಎಷ್ಟು ಹೊತ್ತು ಹಿಡಿದು ನಿಲ್ತಾನೆ ಅಂತ ನೋಡ್ಲಿಕ್ಕೆ ಹೇಳಿದ್ದು.

ಎಲ್ಲಿ ಇದು ಕೆಲಸಕ್ಕೆ ಬರುದಿಲ್ಲ

ವೀಸಾ ಬಂದವನನ್ನ ಯಾವ ನ್ಯಾಯವೂ ನಿಲ್ಲಿಸುದಿಲ್ಲ, ಖುಷಿಯಲ್ಲಿ ಕಳಿಸಿ ಕೊಡಿ. ಕೂಲಿಯೇ ಊರಿನ ರೇಟಿಗಿಂತ ಕಡಿಮೆ ಇಟ್ಟು ಮೀಟಿಂಗ್ ಮಾಡಿ, ಚಹಾ ಬಿಸ್ಕತ್ತು ಕೊಟ್ಟು, ಅಣ್ಣ ಅಕ್ಕ ಅಂದ್ರೆ ಅದು ಮೋಸ, ಜನರಿಗೆ ಒಂದೇ ವಾರದಲ್ಲಿ ಗೊತ್ತಾಗ್ತದೆ. ಅಭಿಪ್ರಾಯ ಕೇಳಿ ಒಮ್ಮೆಯೂ ನಡೆಸಿಕೊಡದೆ ಇರುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ಎಲ್ಲ ಒಪ್ಪಬೇಕು ಅಂತಿಲ್ಲ, ಆಗುದಿಲ್ಲ ಅಂತಾದ್ರೆ ಯಾಕೆ ಆಗುದಿಲ್ಲ ಅಂತ ಆ ವಾರದಲ್ಲೇ ಹೇಳಿ.

ಎಲ್ಲವನ್ನೂ ಒಟ್ಟಿಗೆ ಹಿಡೀಬೇಡಿ. ಅಡ್ವಾನ್ಸ್ ಪುಸ್ತಕದಿಂದ ಸುರು ಮಾಡಿ, ಅದಾದ ಮೇಲೆ ರಜೆ ಕ್ಯಾಲೆಂಡರ್. ಮತ್ತೆ ಕೆಲಸ ಬಿಟ್ಟು ಹೋದವರಲ್ಲಿ ಒಬ್ಬರಿಗೆ, ಹೋಗಿ ಎರಡು ಮೂರು ತಿಂಗಳಾದ ಮೇಲೆ, ಒಂದು ಫೋನ್ ಮಾಡಿ. ಹೋಗುವ ದಿನ ಎಲ್ಲರೂ "ಮನೆಯಲ್ಲಿ ಕಷ್ಟ" ಅಂತಲೇ ಹೇಳುದು, ಬಾಕಿ ಸಂಬಳ ಕೈಗೆ ಬರ್ಬೇಕಲ್ಲ. ಈಗ ಅವರಿಗೆ ನಿಮ್ಮಿಂದ ಎಂತದೂ ಬರ್ಲಿಕ್ಕೆ ಇಲ್ಲ. ವಾಪಸ್ ಬಾ ಅಂತ ಕರೀಲಿಕ್ಕೆ ಹೋಗ್ಬೇಡಿ, ಯಾವ ದಿನ ಬಿಡುವ ಮನಸ್ಸಾಯ್ತು ಅಂತ ಮಾತ್ರ ಕೇಳಿ, ಅವರು ಹೇಳುವಾಗ ಮಧ್ಯೆ ಬಾಯಿ ಹಾಕ್ಬೇಡಿ.